ಡಾಕ್‌ಟೆಸ್ಟ್: ಮೂರು ಕಿಲೋ ತೊಗರಿಗೇ ಸಿಕ್ಕಿಬೀಳುವ ತಪ್ಪು

ಕಲಬುರಗಿಯ ನೆಹರು ಗಂಜ್‌ನ ಅಡತಿ ಅಂಗಡಿಗೆ ಪಟ್ಟಿ ಲೆಕ್ಕ ಮಾಡಿಕೊಡುವ ಪುಟ್ಟ ಸಿ++ ಪ್ರೋಗ್ರಾಮ್ ಅಂದುಕೊಳ್ಳಿ. ಒಟ್ಟು ತೂಕ, ಚೀಲದ ಎಣಿಕೆ, ಕ್ವಿಂಟಲ್ ದರ ಕೊಟ್ಟರೆ ರೈತನಿಗೆ ಸಲ್ಲುವ ಮೊತ್ತ ಬರಬೇಕು. ಕಾಲೇಜಿನ ಪ್ರಾಜೆಕ್ಟ್ ಆಗಲಿ, ಅಂಗಡಿಯ ಕೆಲಸ ಆಗಲಿ, ಇಂಥದ್ದನ್ನು ಪರೀಕ್ಷಿಸುವ ವಾಡಿಕೆ ಗೊತ್ತಿರುವುದೇ: ಮೇನ್ ಒಳಗೆ ನಾಲ್ಕು ಕಡೆ ಸಿಔಟ್ ಹಾಕುವುದು, ಓಡಿಸುವುದು, ಪರದೆ ನೋಡಿ "ಬರೋಬ್ಬರಿ ಅದ" ಅನ್ನುವುದು, ಆಮೇಲೆ ಸಿಔಟ್ ಅಳಿಸುವುದು. ನಾಳೆ ಒಂದು ಸಾಲು ಬದಲಾದರೆ ಇಷ್ಟನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಯಾರೂ ಮಾಡುವುದಿಲ್ಲ.

ಯೂನಿಟ್ ಟೆಸ್ಟ್ ಅಂದರೆ ಆ ಕಣ್ಣಿನ ಕೆಲಸವನ್ನು ಕೋಡಿಗೇ ಒಪ್ಪಿಸಿಬಿಡುವುದು. ರಸ್ಟ್, ಗೋ ಭಾಷೆಗಳಲ್ಲಿ ಇದಕ್ಕೆ ಬೇಕಾದ್ದು ಕಂಪೈಲರ್ ಜತೆಗೇ ಬರುತ್ತದೆ. ಕಾರ್ಗೊ ಟೆಸ್ಟ್, ಗೋ ಟೆಸ್ಟ್ ಅಂತ ಟೈಪ್ ಮಾಡಿದರಾಯಿತು. ಸಿ++ ಹಾಗೇನೂ ಕೊಡುವುದಿಲ್ಲ, ಹೊರಗಿನಿಂದ ತರಬೇಕು. ತರಲು ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ಹೆಸರು: ಗೂಗಲ್‌ಟೆಸ್ಟ್, ಕ್ಯಾಚ್2, ಡಾಕ್‌ಟೆಸ್ಟ್. ಶುರು ಮಾಡುವವರು ಮೂರನೆಯದನ್ನೇ ಹಿಡಿಯಲಿ ಎಂಬುದು ಈ ವಿಮರ್ಶೆಯ ಪಕ್ಷ. ಅದರಲ್ಲಿ ಸೌಲಭ್ಯ ಜಾಸ್ತಿ ಇದೆ ಅಂತಲ್ಲ. ನಿಜಕ್ಕೂ ಮೂರರಲ್ಲಿ ಅದರದೇ ಕಡಿಮೆ. ಆದರೆ ಕಂಪೈಲ್ ಆಗುವ ಭಾಷೆಯಲ್ಲಿ ಟೆಸ್ಟ್ ಬರೆಯುವ ಅಭ್ಯಾಸವನ್ನು ಕೊಲ್ಲುವುದು ಸೌಲಭ್ಯದ ಕೊರತೆಯಲ್ಲ, ಕಾಯುವ ಹೊತ್ತು. ಒಂದು ಅಂಕಿ ತಿದ್ದಿದರೆ ಕಂಪೈಲ್, ಲಿಂಕ್, ಆಮೇಲೆ ಓಟ. 4 ಜಿಬಿ ರ್‍ಯಾಮಿನ ಲ್ಯಾಬ್ ಯಂತ್ರದಲ್ಲಿ ಇದಕ್ಕೆ ಪ್ರತಿ ಸಲ ಅರ್ಧ ನಿಮಿಷ ಹಿಡಿದರೆ ಮೂರನೇ ದಿನಕ್ಕೆ ಕೈ ಮತ್ತೆ ಸಿಔಟ್ ಕಡೆಗೇ ಹೋಗುತ್ತದೆ.

ಡಾಕ್‌ಟೆಸ್ಟ್ ಬರೆದವರು ವಿಕ್ಟರ್ ಕಿರಿಲೋವ್. ಮೊದಲ ಆವೃತ್ತಿ 2016ರದು. ಇಲ್ಲಿ ಹೇಳುತ್ತಿರುವುದೆಲ್ಲ 2.4 ಸರಣಿಯ ಬಗ್ಗೆ. ಇಡೀ ಸಾಮಾನು ಒಂದೇ ಹೆಡರ್ ಫೈಲ್, ಸುಮಾರು ಏಳು ಸಾವಿರ ಸಾಲು, ಅರ್ಧ ಎಂಬಿಯೂ ಇಲ್ಲ. ಪೆನ್‌ಡ್ರೈವ್‌ನಲ್ಲಿ ಬರುತ್ತದೆ, ಇಂಟರ್‌ನೆಟ್ ಇಲ್ಲದ ಯಂತ್ರದಲ್ಲೂ ನಡೆಯುತ್ತದೆ. ಉಬುಂಟು ಇದ್ದರೆ ಎಪಿಟಿಯಲ್ಲಿ ಡಾಕ್‌ಟೆಸ್ಟ್-ಡೆವ್ ಎಂಬ ಪ್ಯಾಕೇಜ್ ಸಿಗುತ್ತದೆ. ಸಿ++11 ಗೊತ್ತಿರುವ ಯಾವ ಕಂಪೈಲರ್ ಆದರೂ ಸಾಕು. ಎಂಐಟಿ ಲೈಸೆನ್ಸ್, ಕಾಸಿಲ್ಲ. ಒಂದು ಫೈಲಿಗೆ ಈ ಹೆಡರ್ ಸೇರಿಸಿದರೆ ಕಂಪೈಲ್ ಹೊತ್ತು 10 ಮಿಲಿಸೆಕೆಂಡಿಗಿಂತ ಕಡಿಮೆ ಹೆಚ್ಚುತ್ತದೆ ಎಂಬುದು ಅದರ ದಾಖಲೆಯ ಮಾತು. ಹೆಡರ್‌ನ ಮೇಲ್ಭಾಗ ಸ್ಟ್ಯಾಂಡರ್ಡ್ ಲೈಬ್ರರಿಯ ಭಾರಿ ಫೈಲುಗಳನ್ನು ಎಳೆದು ತರದಂತೆ ಕಟ್ಟಿರುವುದೇ ಇದರ ಗುಟ್ಟು.

ಜೋಡಿಸುವ ಬಗೆ ಹೀಗೆ. ಮೊದಲು ಲೆಕ್ಕದ ಫಂಕ್ಷನ್‌ಗಳನ್ನು ಮೇನ್ ಇರುವ ಫೈಲಿನಿಂದ ಹೊರಗೆ ತೆಗೆದು ಪಟ್ಟಿ.ಸಿಪಿಪಿ ಎಂಬ ಬೇರೆ ಫೈಲಿಗೆ ಹಾಕಿ, ಅವುಗಳ ಘೋಷಣೆ ಪಟ್ಟಿ.ಹೆಚ್‌ನಲ್ಲಿರಲಿ. ಹೊಸಬರು ಎಡವುವುದು ಇಲ್ಲೇ: ಅಂಗಡಿಯ ಪ್ರೋಗ್ರಾಮಿಗೆ ತನ್ನದೇ ಮೇನ್ ಇದೆ, ಟೆಸ್ಟಿಗೂ ಒಂದು ಮೇನ್ ಬೇಕು, ಎರಡನ್ನೂ ಒಟ್ಟಿಗೆ ಲಿಂಕ್ ಮಾಡಿದರೆ ಮೇನ್ ಎರಡು ಸಲ ಬಂದಿದೆ ಅಂತ ಲಿಂಕರ್ ಕೂಗುತ್ತದೆ. ಎರಡನೆಯದು, ಟೆಸ್ಟ್‌ಮೇನ್.ಸಿಪಿಪಿ ಎಂಬ ಎರಡೇ ಸಾಲಿನ ಫೈಲ್: ಡಾಕ್‌ಟೆಸ್ಟ್_ಕಾನ್ಫಿಗ್_ಇಂಪ್ಲಿಮೆಂಟ್_ವಿತ್_ಮೇನ್ ಎಂಬ ಗಜಗಾತ್ರದ ಹೆಸರನ್ನು ಡಿಫೈನ್ ಮಾಡುವುದು, ಅದರ ಕೆಳಗೆ ಹೆಡರ್ ಇನ್‌ಕ್ಲೂಡ್ ಮಾಡುವುದು. ಈ ಡಿಫೈನ್ ಇಡೀ ಪ್ರಾಜೆಕ್ಟಿನಲ್ಲಿ ಒಂದೇ ಕಡೆ ಇರಬೇಕು. ಎರಡು ಕಡೆ ಇದ್ದರೆ ಒಂದೇ ಹೆಸರು ಹಲವು ಸಲ ಬಂದಿದೆ ಎಂಬ ದೂರು, ಎಲ್ಲೂ ಇಲ್ಲದಿದ್ದರೆ ಮೇನ್ ಸಿಗಲಿಲ್ಲ ಎಂಬ ದೂರು. ಮೂರನೆಯದು ಟೆಸ್ಟ್‌ಗಳ ಫೈಲ್. ಅಲ್ಲಿ ಹೆಡರ್ ಮಾತ್ರ, ಡಿಫೈನ್ ಬೇಡ.

ಟೆಸ್ಟ್‌ಮೇನ್ ಫೈಲನ್ನು ಒಮ್ಮೆ ಮೈನಸ್ ಸಿ ಆಯ್ಕೆ ಕೊಟ್ಟು ಆಬ್ಜೆಕ್ಟ್ ಫೈಲ್ ಮಾಡಿ ಬದಿಗಿಡಿ. ಇಡೀ ಹೆಡರ್‌ನ ಹೊಟ್ಟೆ ಕಂಪೈಲ್ ಆಗುವುದು ಅಲ್ಲಿ ಮಾತ್ರ, ಹೊತ್ತು ತಿನ್ನುವುದೂ ಅದೊಂದೇ. ಆಮೇಲೆ ಪ್ರತಿ ಸಲ ಪಟ್ಟಿ ಮತ್ತು ಟೆಸ್ಟ್ ಫೈಲಷ್ಟೇ ಕಂಪೈಲ್ ಆಗುತ್ತವೆ. ಎಲ್ಲವನ್ನೂ ಒಂದೇ ಜಿ++ ಆಜ್ಞೆಯಲ್ಲಿ ಸುರಿದು "ಡಾಕ್‌ಟೆಸ್ಟ್ ಕೂಡ ನಿಧಾನವೇ" ಎಂದು ಬೈಯುವವರು ಈ ಒಂದು ಹೆಜ್ಜೆ ಬಿಟ್ಟಿರುತ್ತಾರೆ.

ಈಗ ಟೆಸ್ಟ್. 40 ಚೀಲ ತೊಗರಿ, ಚೀಲ ಸಮೇತ ತೂಕ 2,043 ಕಿಲೋ 200 ಗ್ರಾಂ, ಖಾಲಿ ಗೋಣಿಚೀಲ ಒಂದಕ್ಕೆ 580 ಗ್ರಾಂ. ಚೀಲದ್ದು 23 ಕಿಲೋ 200 ಗ್ರಾಂ ಕಳೆದರೆ ನಿವ್ವಳ 2,020 ಕಿಲೋ. ದರ 7,550 ರೂಪಾಯಿ, ಅಂದರೆ 2024-25ರ ಬೆಂಬಲ ಬೆಲೆ. ಉತ್ತರ 1,52,510 ರೂಪಾಯಿ ಎಂದು ಕಾಗದದ ಮೇಲೆ ಮೊದಲು ಲೆಕ್ಕ ಹಾಕಿ. ಪ್ರೋಗ್ರಾಮ್ ಕೊಟ್ಟ ಉತ್ತರವನ್ನೇ ಟೆಸ್ಟಿಗೆ ಅಂಟಿಸಿದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ಬರೆಯುವುದು ಇಷ್ಟೇ: ಟೆಸ್ಟ್_ಕೇಸ್ ಎಂಬ ಮ್ಯಾಕ್ರೊ, ಆವರಣದಲ್ಲಿ ಒಂದು ಹೆಸರು, ಒಳಗೆ ಚೆಕ್ ಎಂಬ ಮ್ಯಾಕ್ರೊದಲ್ಲಿ ಮೊತ್ತದ ಫಂಕ್ಷನ್ ಕೊಟ್ಟದ್ದು 152510ಕ್ಕೆ ಸಮ ಎಂಬ ಸಾಲು.

ಮೊದಲ ಬಾರಿಗೆ ಬರೆಯುವ ಬಹುತೇಕರ ಫಂಕ್ಷನ್‌ನಲ್ಲಿ ಕ್ವಿಂಟಲ್ ಎಂದರೆ ಕಿಲೋ ಭಾಗಿಸು 100, ಎರಡೂ ಇಂಟ್, ಅಂದರೆ ಪೂರ್ಣಾಂಕ. 2020ನ್ನು 100ರಿಂದ ಭಾಗಿಸಿದರೆ ಸಿ++ಗೆ 20, ಉಳಿದ 20 ಕಿಲೋ ಗಾಳಿಗೆ. ಡಾಕ್‌ಟೆಸ್ಟ್‌ನ ಉತ್ತರದಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ, ಬರೆದ ಚೆಕ್ ಇದ್ದಹಾಗೇ ಬರುತ್ತದೆ; ಅದರ ಕೆಳಗೆ ಬೆಲೆಗಳು: 151000 == 152510. ಹೋದದ್ದು 1,510 ರೂಪಾಯಿ, ಅಂದರೆ 20 ಕಿಲೋದ ದುಡ್ಡು ಎಂದು ಕೂಡಲೇ ತಿಳಿಯುತ್ತದೆ. ಸ್ಟ್ಯಾಂಡರ್ಡ್ ಅಸರ್ಟ್ ಆಗಿದ್ದರೆ ಸೋತಿತು ಎಂದಷ್ಟೇ ಹೇಳಿ ಪ್ರೋಗ್ರಾಮನ್ನೇ ನಿಲ್ಲಿಸುತ್ತಿತ್ತು, ಅಸರ್ಟ್‌ಗಳನ್ನೇ ತೆಗೆದುಹಾಕುವ ಎನ್‌ಡಿಬಗ್ ಹಾಕಿ ಕಟ್ಟಿದರೆ ಅದೂ ಇಲ್ಲ. ಚೆಕ್ ಎರಡೂ ಬದಿಯ ಬೆಲೆ ತೋರಿಸಿ ಮುಂದಿನ ಸಾಲಿಗೆ ಹೋಗುತ್ತದೆ. ಮುಂದುವರಿಯುವುದರಲ್ಲಿ ಅರ್ಥವಿಲ್ಲದ ಕಡೆ, ಉದಾಹರಣೆಗೆ ಪಾಯಿಂಟರ್ ನಲ್ ಆಗಿದ್ದರೆ, ಚೆಕ್ ಬದಲು ರಿಕ್ವೈರ್ ಬಳಸಿ. ಅದು ಆ ಟೆಸ್ಟನ್ನು ಅಲ್ಲಿಗೇ ನಿಲ್ಲಿಸುತ್ತದೆ.

ಇದನ್ನು ತಿದ್ದಲು ಹೋದವರು ತೂಕವನ್ನು ಗ್ರಾಂನಲ್ಲಿ, ದುಡ್ಡನ್ನು ಪೈಸೆಯಲ್ಲಿ ಇಡುತ್ತಾರೆ. ಒಳ್ಳೆಯ ವಿಚಾರ. ಗ್ರಾಂ ಗುಣಿಸು ಕ್ವಿಂಟಲ್‌ನ ಪೈಸೆ ದರ, ಭಾಗಿಸು 1,00,000. ಪರೀಕ್ಷೆಗೆ ಸಣ್ಣ ಅಂಕಿ ಸಲೀಸು ಅಂತ 2 ಕಿಲೋ ಹಾಕಿ ನೋಡುತ್ತಾರೆ: 2,000 ಗುಣಿಸು 7,55,000 ಎಂದರೆ 151 ಕೋಟಿ, ಉತ್ತರ 15,100 ಪೈಸೆ, ಸರಿ. 3 ಕಿಲೋ ಹಾಕಿ ನೋಡಿ. ಗುಣಲಬ್ಧ 226 ಕೋಟಿ 50 ಲಕ್ಷ. 32 ಬಿಟ್ ಇಂಟ್ ಹಿಡಿಯುವುದು 2,14,74,83,647ರವರೆಗೆ. 22,650 ಪೈಸೆ ಬರಬೇಕಾದಲ್ಲಿ ಸಾಮಾನ್ಯವಾಗಿ ಕಾಣುವುದು -20299. ರೈತನೇ ಅಂಗಡಿಗೆ 202 ರೂಪಾಯಿ 99 ಪೈಸೆ ಕೊಡಬೇಕು ಎಂಬ ಲೆಕ್ಕ. ಇಪ್ಪತ್ತು ಕ್ವಿಂಟಲ್‌ನ ನಮ್ಮ ಲಾಟಿಗಾದರೆ 3866 ಪೈಸೆ ಬರುತ್ತದೆ. ಮೈನಸ್ ಕೂಡ ಇಲ್ಲ, ಸಾಚಾ ಮುಖದ 38 ರೂಪಾಯಿ 66 ಪೈಸೆ. ದರ 7,550 ಇದ್ದಾಗ 2 ಕಿಲೋ 844 ಗ್ರಾಂ ದಾಟಿದ ತೂಕವೆಲ್ಲ ಈ ಫಂಕ್ಷನ್‌ಗೆ ಸಿಡಿಮದ್ದು.

ಉತ್ತರವನ್ನು ಲಾಂಗ್ ಲಾಂಗ್ ಎಂಬ 64 ಬಿಟ್ ಪೆಟ್ಟಿಗೆಯಲ್ಲಿ ಹಿಡಿದರೆ ಸಾಲದು, ಇದನ್ನು ಒತ್ತಿ ಹೇಳಬೇಕು. ಎರಡೂ ಕಡೆ ಇಂಟ್ ಇದ್ದರೆ ಗುಣಾಕಾರ ಇಂಟ್‌ನಲ್ಲೇ ಆಗಿ, ಕೆಟ್ಟ ಮೇಲೆ ದೊಡ್ಡ ಪೆಟ್ಟಿಗೆಗೆ ಬೀಳುತ್ತದೆ. ಗ್ರಾಂ ಪ್ಯಾರಾಮೀಟರನ್ನೇ 64 ಬಿಟ್ ಮಾಡಿ. ಜತೆಗೆ ಟೆಸ್ಟ್ ಕಟ್ಟುವಾಗ, ಇಂಥ ತಪ್ಪನ್ನು ಓಡುವಾಗಲೇ ಹಿಡಿಯುವ ಕಂಪೈಲರ್‌ನ ಎಫ್‌ಸ್ಯಾನಿಟೈಜ್ ಆಯ್ಕೆಗೆ ಅಂಡಿಫೈನ್ಡ್, ಅಡ್ರೆಸ್ ಎರಡನ್ನೂ ಕೊಡಿ: 3000 ಗುಣಿಸು 755000 ಇಂಟ್‌ನಲ್ಲಿ ಹಿಡಿಯುವುದಿಲ್ಲ ಎಂದು ಸಾಲಿನ ಸಂಖ್ಯೆ ಸಮೇತ ಬರುತ್ತದೆ. ಆದರೆ ಅಂಡಿಫೈನ್ಡ್ ಸ್ಯಾನಿಟೈಜರ್ ಬೈದು ಸುಮ್ಮನಾಗುತ್ತದೆ, ಓಟ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕಿದ್ದರೆ ನೋ-ಸ್ಯಾನಿಟೈಜ್-ರಿಕವರ್ ಆಯ್ಕೆಗೆ ಆಲ್ ಎಂದು ಕೊಡಬೇಕು.

ದುಡ್ಡನ್ನು ಡಬಲ್ ಎಂಬ ದಶಮಾಂಶ ಪ್ರಕಾರದಲ್ಲಿ ಇಟ್ಟರೆ ಈ ರಗಳೆ ಇಲ್ಲವಲ್ಲ ಅನ್ನಬಹುದು. ಇಲ್ಲ, ಬೇರೆಯದಿದೆ. ಡಬಲ್ ಹೋಲಿಸಲು ಡಾಕ್‌ಟೆಸ್ಟ್ ಅಪ್ರಾಕ್ಸ್ ಎಂಬುದನ್ನು ಕೊಡುತ್ತದೆ, ಸುಮಾರು ಸಮ ಇದ್ದರೆ ಪಾಸ್. ಎಷ್ಟು ಸುಮಾರು ಎಂಬುದನ್ನು ಯಾರೂ ನೋಡುವುದಿಲ್ಲ. ನಾವೇನೂ ಹೇಳದೆ ಬಿಟ್ಟರೆ ಅದು ಫ್ಲೋಟ್‌ನ ಎಪ್ಸಿಲಾನ್‌ನ (ಫ್ಲೋಟ್ ಎಂಬ ಸಣ್ಣ ದಶಮಾಂಶ ಪ್ರಕಾರದಲ್ಲಿ 1ಕ್ಕೂ ಅದರ ಮುಂದಿನ ಅಂಕಿಗೂ ಇರುವ ಅಂತರ) ನೂರರಷ್ಟು, ಅಂದರೆ ಸುಮಾರು 0.0000119, ಅದೂ ಮೊತ್ತದ ಅನುಪಾತದಲ್ಲಿ. 1,52,510 ರೂಪಾಯಿಗೆ ಇದು 1 ರೂಪಾಯಿ 81 ಪೈಸೆ ಆಗುತ್ತದೆ. ಫಂಕ್ಷನ್ ಒಂದೂವರೆ ರೂಪಾಯಿ ಹೆಚ್ಚು ಕೊಟ್ಟರೂ ಟೆಸ್ಟ್ ಹಸಿರು. ಉಷ್ಣಾಂಶ, ಸರಾಸರಿ, ಕೋನಗಳಿಗೆ ಅಪ್ರಾಕ್ಸ್ ಚೆಂದ, ದುಡ್ಡಿಗೆ ಬೇಡ. ಬಳಸಲೇಬೇಕಾದರೆ ಎಪ್ಸಿಲಾನ್ ಅಂಕಿಯನ್ನು ನೀವೇ ಬರೆಯಿರಿ.

ಒಂದೇ ಸಿದ್ಧತೆಯ ಮೇಲೆ ಹಲವು ಕವಲು ಪರೀಕ್ಷಿಸಲು ಸಬ್‌ಕೇಸ್ ಇದೆ, ಡಾಕ್‌ಟೆಸ್ಟ್‌ನ ಅತ್ಯಂತ ರುಚಿಯಾದ ಭಾಗ ಇದೇ. ಟೆಸ್ಟ್‌ನ ಮೇಲೆ 40 ಚೀಲದ ಲಾಟ್ ಕಟ್ಟಿ. ಕೆಳಗೆ ಒಂದು ಸಬ್‌ಕೇಸ್‌ನಲ್ಲಿ ಚೀಲ ಸೊನ್ನೆ, ಇನ್ನೊಂದರಲ್ಲಿ ಒಟ್ಟು ತೂಕವೇ 10 ಕಿಲೋ. ಚೀಲದ ತೂಕ 23 ಕಿಲೋ ಇರುವಾಗ ನಿವ್ವಳ ಮೈನಸ್ ಆಗುವ ಬದಲು ಎಕ್ಸೆಪ್ಶನ್ ಬರಬೇಕು, ಅದನ್ನು ಚೆಕ್_ಥ್ರೋಸ್_ಆಸ್ ನೋಡಿಕೊಳ್ಳುತ್ತದೆ. ಪ್ರತಿ ಸಬ್‌ಕೇಸಿಗೂ ಟೆಸ್ಟ್ ಮೇಲಿನಿಂದ ಹೊಸದಾಗಿ ಓಡುವುದರಿಂದ ಒಂದು ಕವಲಿನಲ್ಲಿ ಕೆಡಿಸಿದ ಲಾಟ್ ಇನ್ನೊಂದಕ್ಕೆ ತಾಗುವುದಿಲ್ಲ. ಸೆಟ್‌ಅಪ್, ಟೇರ್‌ಡೌನ್ ಎಂಬ ಕ್ಲಾಸುಗಳ ಶಾಸ್ತ್ರ ಕಲಿಯದೆಯೇ ಇಷ್ಟು ಸಿಗುತ್ತದೆ.

ಗಡಿ ಅಂಕಿಗಳ ಪಟ್ಟಿ ಓಡಿಸಲು ಕ್ಯಾಚ್2ನಲ್ಲಿರುವ ಜನರೇಟರ್ (ಒಂದೇ ಟೆಸ್ಟನ್ನು ಹಲವು ಅಂಕಿಗಳಿಗೆ ಓಡಿಸುವ ಸೌಲಭ್ಯ) ಇಲ್ಲಿಲ್ಲ. ತೇವ 12 ಪ್ರತಿಶತ ದಾಟಿದರೆ ಕಡಿತ ಎಂಬ ನಿಯಮ ಇಟ್ಟುಕೊಂಡರೆ 119, 120, 121 ಎಂಬ ಹತ್ತನೇ ಭಾಗದ ಅಂಕಿಗಳ ಮೇಲೆ ಸಾದಾ ಫಾರ್ ಲೂಪ್ ಬರೆದು, ಒಳಗೆ ಕ್ಯಾಪ್ಚರ್ ಎಂದು ಆ ಅಂಕಿಯನ್ನು ಕೊಡಬೇಕು. ಕ್ಯಾಪ್ಚರ್ ಮರೆತರೆ ಸೋತದ್ದು ಯಾವ ಸುತ್ತಿನಲ್ಲಿ ಎಂಬುದೇ ತಿಳಿಯುವುದಿಲ್ಲ. ಬೆಂಬಲ ಬೆಲೆಯನ್ನು ಫಂಕ್ಷನ್ ಒಳಗೆ ನೆಡಬೇಡಿ, ಪ್ಯಾರಾಮೀಟರ್ ಮಾಡಿ: 2023-24ಕ್ಕೆ 7,000 ಇತ್ತು, ಮರುವರ್ಷ 7,550, 2025-26ಕ್ಕೆ 8,000. ಒಳಗೆ ನೆಟ್ಟರೆ ಪ್ರತಿ ಹಂಗಾಮಿಗೂ ಎಲ್ಲ ಟೆಸ್ಟ್ ಒಟ್ಟಿಗೆ ಕೆಂಪಾಗುತ್ತವೆ, ಲೆಕ್ಕದಲ್ಲಿ ತಪ್ಪೇ ಇರುವುದಿಲ್ಲ.

ಕನ್ನಡದಲ್ಲಿ ಪಟ್ಟಿ ಮುದ್ರಿಸುವವರಿಗೆ ಒಂದು ಬೇರೆ ಟೆಸ್ಟ್ ಬೇಕೇ ಬೇಕು. ಕಲಬುರಗಿ ಎಂಬ ಸ್ಟ್ರಿಂಗ್‌ನ ಸೈಜ್ 5 ಎಂದು ಚೆಕ್ ಬರೆದರೆ ಬರುವುದು 21 == 5. ಕಣ್ಣಿಗೆ ಐದಕ್ಷರ, ಯೂನಿಕೋಡ್‌ನಲ್ಲಿ ಕೊಂಬು, ಗುಡಿಸು ಬೇರೆ ಸೇರಿ ಏಳು, ಯುಟಿಎಫ್-8ನಲ್ಲಿ ಒಂದೊಂದಕ್ಕೂ ಮೂರು ಬೈಟ್. ಅಗಲ ಗೊತ್ತುಮಾಡುವ ಸೆಟ್‌ಡಬ್ಲ್ಯೂ ಕೊಟ್ಟು ಜೋಡಿಸಿದ ಕಾಲಮ್‌ಗಳು ಕನ್ನಡ ಹೆಸರು ಬಂದ ಕೂಡಲೇ ಸೊಟ್ಟಗಾಗುವುದು ಇದರಿಂದಲೇ. ಇನ್ನೂ ನುಣುಪಾದ ಮೋಸ ಬೀದರ್‌ನದು. ಅದರಲ್ಲಿನ ದೀರ್ಘದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ಮೊದಲನೆಯದು 15 ಬೈಟ್, ಎರಡನೆಯದು 18. ಎರಡೂ ಯೂನಿಕೋಡ್ ಪ್ರಕಾರ ಸಮಾನ, ಪರದೆಯ ಮೇಲೆ ಒಂದೇ ರೂಪ, ಆದರೆ ಸ್ಟ್ರಿಂಗ್ ಹೋಲಿಕೆಯಲ್ಲಿ ಬೇರೆ. ಡಾಕ್‌ಟೆಸ್ಟ್ "ಬೀದರ್ == ಬೀದರ್ ಸರಿಯಲ್ಲ" ಅನ್ನುತ್ತದೆ. ಟೂಲ್‌ಗೆ ತಲೆ ಕೆಟ್ಟಿಲ್ಲ. ಇನ್‌ಫೋ ಮ್ಯಾಕ್ರೊದಲ್ಲಿ ಎರಡರ ಸೈಜನ್ನೂ ಮುದ್ರಿಸಿ ನೋಡಿ. ಯಾದಗಿರಿಯಲ್ಲಿ ದೀರ್ಘ ಇರುವುದು ಕಾಗುಣಿತದ ಆ-ಕಾರಕ್ಕೆ, ಅದು ಒಡೆಯುವುದಿಲ್ಲ, ಹಾಗಾಗಿ ಆ ಜಿಲ್ಲೆಯ ಟೆಸ್ಟ್ ಮಾತ್ರ ಪಾಸಾಗಿ ಗೊಂದಲ ಹೆಚ್ಚುತ್ತದೆ.

ಸ್ಟ್ರಿಂಗ್ ಎಂದಾಗ ಎಸ್‌ಟಿಡಿ ಸ್ಟ್ರಿಂಗ್ ಎಂದೇ ಅರ್ಥ. ಚಾರ್ ಸ್ಟಾರ್ ಎರಡನ್ನು ಚೆಕ್‌ನಲ್ಲಿ ಹೋಲಿಸಿದರೆ ಮಾಮೂಲಿ ಸಿ++ನಂತೆ ವಿಳಾಸಗಳ ಹೋಲಿಕೆ. ಚೆಕ್ ಒಳಗೆ ಎರಡು ಷರತ್ತು ಆಂಡ್‌ನಿಂದ ಬೆಸೆದರೆ ಕಂಪೈಲೇ ಆಗದು, ಬಿಡಿಸಿ ಬರೆಯಿರಿ ಎಂದು ತಾಕೀತು ಬರುತ್ತದೆ. ಎರಡು ಚೆಕ್ ಬರೆಯುವುದೇ ಮೇಲು. ನಿಮ್ಮದೇ ಕ್ಲಾಸನ್ನು ಹೋಲಿಸುವಾಗ ಬೆಲೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಕ್ಲಾಸಿಗೆ ಔಟ್‌ಪುಟ್ ಆಪರೇಟರ್ ಬರೆದಿಲ್ಲ ಎಂದರ್ಥ.

ಟೆಸ್ಟ್ ಹೆಸರು ಬರೀ ಸ್ಟ್ರಿಂಗ್ ಆದ್ದರಿಂದ "ಚೀಲದ ತೂಕ ಕಳೆಯಬೇಕು" ಎಂದು ಕನ್ನಡದಲ್ಲೇ ಇಡಬಹುದು, ಓಡಿಸುವಾಗ ಮೈನಸ್ ಟಿಸಿ ಆಯ್ಕೆಯಲ್ಲಿ ನಕ್ಷತ್ರ-ಚೀಲ-ನಕ್ಷತ್ರ ಎಂದು ಕೊಟ್ಟು ಅಷ್ಟನ್ನೇ ಆರಿಸಲೂಬಹುದು. ಗೂಗಲ್‌ಟೆಸ್ಟ್‌ನಲ್ಲಿ ಹೆಸರು ಐಡೆಂಟಿಫೈಯರ್ ಆಗಬೇಕು, ನಡುವೆ ಖಾಲಿ ಜಾಗ ಕೂಡ ಬಿಡುವಂತಿಲ್ಲ.

ಇನ್ನು ಸಿಟ್ಟು ಬರಿಸುವ ಭಾಗ. ಡಾಕ್‌ಟೆಸ್ಟ್‌ನ ಆ ಮೈನಸ್ ಟಿಸಿ ಆಯ್ಕೆಯಲ್ಲಿ ಒಂದಕ್ಷರ ತಪ್ಪಿ ಬರೆದು ಯಾವ ಟೆಸ್ಟೂ ಹೊಂದಿಕೆಯಾಗದಿದ್ದರೆ ಅದು ಸೊನ್ನೆ ಟೆಸ್ಟ್ ಓಡಿಸಿ "ಸ್ಟೇಟಸ್: ಸಕ್ಸೆಸ್" ಎಂದು ಹಸಿರಿನಲ್ಲಿ ಬರೆಯುತ್ತದೆ. ಇದೇ ತೂತು ಸ್ಟ್ಯಾಟಿಕ್ ಲೈಬ್ರರಿಯಲ್ಲಿ (ಆಬ್ಜೆಕ್ಟ್ ಫೈಲುಗಳ ಗಂಟಿನಲ್ಲಿ) ಇನ್ನೂ ದೊಡ್ಡದು. ಟೆಸ್ಟ್‌ಗಳು ಗ್ಲೋಬಲ್ ವೇರಿಯಬಲ್‌ಗಳ ಮೂಲಕ ತಾವೇ ಹೆಸರು ನೋಂದಾಯಿಸಿಕೊಳ್ಳುತ್ತವೆ. ಟೆಸ್ಟ್ ಫೈಲನ್ನು ಲೈಬ್ರರಿಯೊಳಗೆ ಕಟ್ಟಿದರೆ ಅದರ ಯಾವ ಹೆಸರನ್ನೂ ಯಾರೂ ಕೇಳದ ಕಾರಣ ಲಿಂಕರ್ ಇಡೀ ಆಬ್ಜೆಕ್ಟನ್ನೇ ಕೈಬಿಡುತ್ತದೆ. ದೂರಿಲ್ಲ, ಎಚ್ಚರಿಕೆಯಿಲ್ಲ. ಟೆಸ್ಟ್ ಫೈಲುಗಳನ್ನು ನೇರವಾಗಿ ಎಕ್ಸಿಕ್ಯೂಟಬಲ್‌ಗೆ ಕೊಡಿ, ಪ್ರಾಜೆಕ್ಟ್ ಕಟ್ಟಲು ಸಿಮೇಕ್ ಎಂಬ ಸಾಧನ ಬಳಸುವವರು ಆಬ್ಜೆಕ್ಟ್ ಲೈಬ್ರರಿ ಮಾಡಿ. ಪ್ರತಿ ಓಟದ ಕೊನೆಯಲ್ಲಿ ಬಣ್ಣವನ್ನಲ್ಲ, ಟೆಸ್ಟ್‌ಗಳ ಎಣಿಕೆಯನ್ನು ನೋಡಿ. ಐದಕ್ಕೆ ನಾಲ್ಕು ಅಂಕ ಕೊಡುವುದಾದರೆ ಆ ಒಂದು ಅಂಕ ಹೋದದ್ದು ಇಲ್ಲೇ.

ಮಾಕ್ ಇಲ್ಲ. ದರವನ್ನು ಸರ್ವರ್‌ನಿಂದ ತರುವ, ಡೇಟಾಬೇಸ್‌ಗೆ ಬರೆಯುವ ಕೋಡಿಗೆ ನಕಲಿ ಪಾತ್ರಧಾರಿಗಳು ಬೇಕಾದಾಗ ಟ್ರೊಂಪೆಲೋಯ್ ಎಂಬ ಇನ್ನೊಂದು ಹೆಡರ್ ಜೋಡಿಸಬೇಕು. ಗೂಗಲ್‌ಟೆಸ್ಟ್‌ನಲ್ಲಿ ಇದೇ ಕೆಲಸದ ಜಿಮಾಕ್ ಜತೆಗೇ ಬರುತ್ತದೆ, ದೊಡ್ಡ ಕಂಪನಿಗಳ ಕೋಡಿನಲ್ಲಿ ಅದೇ ಹೆಚ್ಚು ಕಾಣುತ್ತದೆ. ಬೆಂಗಳೂರು, ಹೈದರಾಬಾದ್ ಕಡೆ ಕೆಲಸ ಹುಡುಕುವವರು ಎರಡನೆಯದಾಗಿ ಅದನ್ನು ಕಲಿಯಲಿ. ಆದರೆ ಅದನ್ನು ಲೈಬ್ರರಿಯಾಗಿ ಕಟ್ಟಿ ಲಿಂಕ್ ಮಾಡಬೇಕು, ಪಿಥ್ರೆಡ್ ಎಂಬ ಥ್ರೆಡ್ ಲೈಬ್ರರಿ ಬೇಕು, 2025ರ 1.17 ಆವೃತ್ತಿಯಿಂದ ಸಿ++17 ಬೇಕು. ಕ್ಯಾಚ್2 ಮೊದಲು ಒಂದೇ ಹೆಡರ್ ಆಗಿತ್ತು, 2022ರ ಮೂರನೇ ಆವೃತ್ತಿಯಿಂದ ಅದೂ ಲೈಬ್ರರಿ. ಪೆನ್‌ಡ್ರೈವ್‌ನಿಂದ ಒಂದೇ ಫೈಲ್ ಎಳೆದು ಹಾಕುವ ಸುಖ ಈ ಮೂರರಲ್ಲಿ ಡಾಕ್‌ಟೆಸ್ಟ್‌ಗೆ ಉಳಿದಿದೆ.

ಟರ್ಬೊ ಸಿ++ನ ನೀಲಿ ಪರದೆ ಬಿಡದ ಲ್ಯಾಬ್‌ಗಳಲ್ಲಿ ಇದು ಯಾವುದೂ ನಡೆಯದು; ಆ ಕಂಪೈಲರ್‌ಗೆ ಸಿ++11 ಗೊತ್ತಿಲ್ಲ. ಅಲ್ಲಿ ಇಂಟ್ 16 ಬಿಟ್, ಹಿಡಿಯುವುದು 32,767ರವರೆಗೆ. ತೊಗರಿ ತೂಗುವ ಮಾತು ಹಾಗಿರಲಿ, ಪೈಸೆಯಲ್ಲಿ ಬರೆದ ದರವೇ ಅದರೊಳಗೆ ಹಿಡಿಯುವುದಿಲ್ಲ.